ಕರೆಂಟು ಊರಿಗೆಲ್ಲ, ಬೂದಿ ಯಾರಿಗೆ?

ಕಲ್ಲಿದ್ದಲು, ಕರೆಂಟು, ಹವಾಮಾನ. ಈ ಮೂರರ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕೇಳಿದ್ದೇ ತಡ, ಪತ್ರಗಳ ರಾಶಿಯೇ ಬಂತು. ಅರ್ಧದಲ್ಲಿ ಬೈಗುಳ, ಇನ್ನರ್ಧದಲ್ಲಿ ಕರೆಂಟ್ ಬಿಲ್ಲಿನ ಲೆಕ್ಕ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ, ಉದ್ದ ಇದ್ದದ್ದನ್ನು ಕತ್ತರಿಸಿ ಕೊಟ್ಟಿದ್ದೇನೆ. ಕೆಲವರು ಹೆಸರು ಹಾಕಬೇಡಿ ಎಂದಿದ್ದರು, ಹಾಗಾಗಿ ಯಾರದ್ದೂ ಹಾಕಿಲ್ಲ.

ಪ್ರಶ್ನೆ: 2070ಕ್ಕೆ ನೆಟ್ ಝೀರೋ, ಅಂದ್ರೆ ಬಿಡೋ ಇಂಗಾಲವೂ ಹೀರೋ ಇಂಗಾಲವೂ ಸಮ, ಅಂತೀವಿ. ಅದೇ ಬಾಯಲ್ಲಿ ವರ್ಷಕ್ಕೆ ನೂರು ಕೋಟಿ ಟನ್ ಕಲ್ಲಿದ್ದಲು ತೆಗೆದೆವು ಅಂತ ಹಬ್ಬ ಮಾಡ್ತೀವಿ. ಇದು ಸುಳ್ಳು ಅಲ್ವಾ? (ಕಾಲೇಜು ವಿದ್ಯಾರ್ಥಿನಿ, ಮೈಸೂರು)

ಉತ್ತರ: ಸುಳ್ಳು ಅನ್ನಲಾರೆ. ಆದರೆ ಕೊಟ್ಟ ಮಾತನ್ನು ಒಂದು ಅಕ್ಷರ ಬಿಡದೆ ಓದಬೇಕು, ಯಾಕೆಂದರೆ ನಮ್ಮವರು ಬಲು ಜಾಣತನದಿಂದ ಮಾತು ಕೊಟ್ಟಿದ್ದಾರೆ. ಹವಾಮಾನದ ಪ್ಯಾರಿಸ್ ಒಪ್ಪಂದಕ್ಕಾಗಿ 2015ರಲ್ಲಿ ಹೇಳಿ, 2022ರ ಆಗಸ್ಟಿನಲ್ಲಿ ಏರಿಸಿದ ಗುರಿಗಳಲ್ಲಿ ಮುಖ್ಯವಾದವು ಎರಡು. ಜಿಡಿಪಿಯ ಒಂದೊಂದು ರೂಪಾಯಿಗೆ ಎಷ್ಟು ಇಂಗಾಲ ಬಿಡುತ್ತೇವೋ ಅದನ್ನು 2030ರ ಹೊತ್ತಿಗೆ 2005ರ ಮಟ್ಟಕ್ಕಿಂತ ನೂರಕ್ಕೆ 45ರಷ್ಟು ಇಳಿಸುತ್ತೇವೆ ಅನ್ನುವುದು ಮೊದಲನೆಯದು. ಒಟ್ಟು ಹೊಗೆ ಇಳಿಸುತ್ತೇವೆ ಅಂತ ಅಲ್ಲಿ ಹೇಳಿಲ್ಲ ನೋಡಿ. ಆರ್ಥಿಕತೆ ಬೆಳೆಯುತ್ತಾ ಹೋದರೆ ಹೊಗೆಯೂ ಬೆಳೆಯಬಹುದು, ಮಾತು ತಪ್ಪಿದ ಹಾಗಾಗುವುದಿಲ್ಲ. ಎರಡನೆಯದು, ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ, ಅಂದರೆ ಎಲ್ಲ ಸ್ಥಾವರಗಳೂ ಸೇರಿ ತಯಾರಿಸಬಲ್ಲ ಗರಿಷ್ಠ ಕರೆಂಟಿನಲ್ಲಿ, ಅರ್ಧದಷ್ಟು ಕಲ್ಲಿದ್ದಲು, ಗ್ಯಾಸ್, ಡೀಸೆಲ್ ಅಲ್ಲದ ಮೂಲಗಳದ್ದಾಗಿರಬೇಕು. ಇದನ್ನು 2025ರಲ್ಲೇ, ಐದು ವರ್ಷ ಮುಂಚೆಯೇ ಮುಟ್ಟಿದೆವು. ನಿಜವಾಗಿಯೂ ದೊಡ್ಡ ಕೆಲಸ ಅದು. ಆದರೆ ಸೋಲಾರ್ ಫಲಕ ಹಗಲು ಮಾತ್ರ ದುಡಿಯುತ್ತದೆ, ಕಲ್ಲಿದ್ದಲಿನ ಘಟಕ ಹಗಲೂ ರಾತ್ರಿ. ಹಾಗಾಗಿ ಸಾಮರ್ಥ್ಯದಲ್ಲಿ ಅರ್ಧ ದಾಟಿದರೂ ನಿಜವಾಗಿ ಹರಿಯುವ ಕರೆಂಟಿನಲ್ಲಿ ನೂರಕ್ಕೆ 70ರ ಆಸುಪಾಸು ಇನ್ನೂ ಕಲ್ಲಿದ್ದಲಿನದ್ದೇ.

ಇನ್ನು ನೈತಿಕತೆ ವಿಷಯ. ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಮೆರಿಕದವನ ಪಾಲಿಗೆ ಸುಮಾರು 14. 2021ರಲ್ಲಿ ಗ್ಲಾಸ್ಗೊ ಹವಾಮಾನ ಸಮ್ಮೇಳನದ ಕೊನೆ ಗಳಿಗೆಯಲ್ಲಿ ಭಾರತ ಪಟ್ಟು ಹಿಡಿದು, ಕಲ್ಲಿದ್ದಲನ್ನು ಪೂರ್ತಿ ನಿಲ್ಲಿಸುವ ಬದಲು ಕಡಿಮೆ ಮಾಡುವುದು ಅಂತ ಬದಲಾಯಿಸಿದಾಗ ಜಗತ್ತೇ ಬೈಯಿತು. ಆದರೆ ಆ ಕಾಗದದಲ್ಲಿ ಶ್ರೀಮಂತ ದೇಶಗಳು ಸುಡುವ ಎಣ್ಣೆ, ಗ್ಯಾಸ್ ನಿಲ್ಲಿಸುವ ಮಾತೇ ಇರಲಿಲ್ಲ. ಹವಾಮಾನದ ಕೆಲಸಕ್ಕೆ ಬಡ ದೇಶಗಳಿಗೆ 2020ರೊಳಗೆ ವರ್ಷಕ್ಕೆ 10,000 ಕೋಟಿ ಡಾಲರ್ ಕೊಡುತ್ತೇವೆ ಅಂತ 2009ರಲ್ಲಿ ಹೇಳಿದವರು ಅದನ್ನು ಮುಟ್ಟಿಸಿದ್ದು 2022ರಲ್ಲಿ, ಅದರಲ್ಲೂ ಹೆಚ್ಚಿನದು ಸಾಲ. ಹಾಗಾಗಿ ಹೊರಗಿನವರ ಮುಂದೆ ನಮ್ಮ ವಾದ ಗಟ್ಟಿಯೇ ಇದೆ.

ನನ್ನ ತಕರಾರು ಒಳಗಿನದು. ಆ 2 ಟನ್ ಅನ್ನುವುದು ಸರಾಸರಿ. ಮನೆ ಮುಂದೆ ಮೂರು ಕಾರು ನಿಲ್ಲಿಸಿಕೊಂಡವರೂ ಅದರಲ್ಲಿದ್ದಾರೆ, ದೇವದುರ್ಗದಲ್ಲಿ ಹತ್ತಿ ಬಿಡಿಸುವ ಹೆಂಗಸೂ ಅದರಲ್ಲಿದ್ದಾಳೆ. ಅವಳ ಬಡತನ ತೋರಿಸಿ ವಿದೇಶದಲ್ಲಿ ವಿನಾಯಿತಿ ಪಡೆಯುತ್ತೇವೆ. ಆ ವಿನಾಯಿತಿಯಲ್ಲಿ ಅವಳಿಗೆ ಎಷ್ಟು ತಲುಪಿತು? ಮುಂದಿನ ಪತ್ರ ಅದನ್ನೇ ಕೇಳುತ್ತದೆ.

ಪ್ರಶ್ನೆ: ನಮ್ಮ ಹಳ್ಳಿ ಪಕ್ಕದಲ್ಲೇ ಶಾಖೋತ್ಪನ್ನ ಸ್ಥಾವರದ ಬೂದಿ ಹೊಂಡ ಇದೆ. ಬೇಸಿಗೆಯಲ್ಲಿ ಗಾಳಿ ಎದ್ದರೆ ಮಾಳಿಗೆ ಮೇಲೆ ಒಣಹಾಕಿದ ಶಾವಿಗೆ ತುಂಬಾ ಬೂದಿ. ನಮ್ಮ ಹುಡುಗರಿಗೆ ಸಿಗೋದು ಗುತ್ತಿಗೆ ಕೆಲಸ, ಅದೂ ಆಗೊಮ್ಮೆ ಈಗೊಮ್ಮೆ. ಕರೆಂಟು ಹೋಗೋದು ಬೆಂಗಳೂರಿಗೆ. ಇದನ್ನ ನ್ಯಾಯ ಅಂತೀರಾ? (ರೈತ, ಕಲ್ಯಾಣ ಕರ್ನಾಟಕದ ಒಂದು ಹಳ್ಳಿ)

ಉತ್ತರ: ಇಲ್ಲ, ಅನ್ನುವುದಿಲ್ಲ. ಕರ್ನಾಟಕದಲ್ಲಿ ಕಲ್ಲಿದ್ದಲು ಸಿಗುವುದಿಲ್ಲ. ತೆಲಂಗಾಣದ ಸಿಂಗರೇಣಿಯಿಂದ, ಒಡಿಶಾದಿಂದ, ಮಹಾರಾಷ್ಟ್ರದಿಂದ ರೈಲಿನಲ್ಲಿ ಬರುತ್ತದೆ. ಬಂದದ್ದು ಎಲ್ಲಿ ಉರಿಯುತ್ತದೆ ಅಂತ ನಕ್ಷೆ ಹಾಕಿ ನೋಡಿ. ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವಾಟ್, ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ಅದೇ ಜಿಲ್ಲೆಯ ಯರಮರಸ್‌ನಲ್ಲಿ 1,600. ಬಳ್ಳಾರಿಯ ಕುಡಿತಿನಿಯಲ್ಲಿ 1,700. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400. ಈ ಸಾಲಿನಿಂದ ಹೊರಗಿರುವ ದೊಡ್ಡದು ಅಂದರೆ ಉಡುಪಿ ಜಿಲ್ಲೆಯ 1,200 ಮೆಗಾವಾಟ್, ಅದು ಹಡಗಿನಲ್ಲಿ ಬರುವ ವಿದೇಶಿ ಕಲ್ಲಿದ್ದಲಿನದ್ದು. ಉಳಿದದ್ದೆಲ್ಲ ಉತ್ತರದ ಬಿಸಿಲ ಜಿಲ್ಲೆಗಳಲ್ಲೇ.

ಈಗ ಬೂದಿ ಲೆಕ್ಕ. ಒಂದು ಯೂನಿಟ್ ಕರೆಂಟಿಗೆ ಹತ್ತಿರ ಹತ್ತಿರ 700 ಗ್ರಾಂ ಕಲ್ಲಿದ್ದಲು ಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ 30ರಿಂದ 45 ಪಾಲು ಬೂದಿಯೇ. ತಿಂಗಳಿಗೆ 200 ಯೂನಿಟ್ ಬಳಸುವ ಮನೆಗೆ ಪೂರ್ತಿ ಕಲ್ಲಿದ್ದಲಿನ ಕರೆಂಟೇ ಬರುತ್ತದೆ ಅಂದುಕೊಳ್ಳಿ. 140 ಕಿಲೋ ಕಲ್ಲಿದ್ದಲು ಸುಟ್ಟು, ಸುಮಾರು 50 ಕಿಲೋ ಬೂದಿ ಉಳಿಯುತ್ತದೆ. ಒಂದು ಮನೆಗೆ ತಿಂಗಳಿಗೊಂದು ಮೂಟೆ! ಜಯನಗರದ ಪ್ರತಿ ಮನೆ ಬಾಗಿಲಿಗೂ ಬಿಲ್ಲಿನ ಜೊತೆ ಆ ಮೂಟೆಯನ್ನೂ ಇಟ್ಟು ಹೋಗುವ ನಿಯಮ ಇದ್ದಿದ್ದರೆ ಬೂದಿ ಸಮಸ್ಯೆ ಎಂದೋ ಬಗೆಹರಿಯುತ್ತಿತ್ತು ಅನ್ನಿಸುತ್ತದೆ. ನಿಯಮಗಳು ಇಲ್ಲವೆಂದಲ್ಲ. ಹಾರುಬೂದಿ ಬಗ್ಗೆ 1999ರಿಂದಲೇ ಅಧಿಸೂಚನೆ ಇದೆ. 2021ರ ಡಿಸೆಂಬರಿನಲ್ಲಿ ಬಂದ ಹೊಸದು ನೂರಕ್ಕೆ ನೂರೂ ಇಟ್ಟಿಗೆ, ಸಿಮೆಂಟ್, ರಸ್ತೆಗೆ ಬಳಕೆಯಾಗಬೇಕು ಅನ್ನುತ್ತದೆ. ಒಣ ಬೂದಿಗೆ ಗಿರಾಕಿ ಇದ್ದಾರೆ. ಹೊಂಡದಲ್ಲಿ ವರ್ಷಗಟ್ಟಲೆ ನೆನೆದು ಕೂತ ಹಳೇ ಬೂದಿಯನ್ನು ಕೇಳುವವರು ಕಡಿಮೆ. ನಿಮ್ಮ ಶಾವಿಗೆ ಮೇಲೆ ಬೀಳುತ್ತಿರುವುದು ಅದೇ ಇರಬೇಕು.

ಇದಕ್ಕಿಂತ ನನಗೆ ಸಿಟ್ಟು ಬರಿಸಿದ್ದು ಇನ್ನೊಂದಿದೆ. ಚಿಮಣಿಯಿಂದ ಬರುವ ಗಂಧಕದ ಹೊಗೆಯನ್ನು ಹಿಡಿಯುವ ಯಂತ್ರ ಹಾಕಲೇಬೇಕು ಅಂತ 2015ರಲ್ಲಿ ನಿಯಮ ಮಾಡಿದರು. 2017ರ ಗಡುವು ಮುಂದಕ್ಕೆ ಹೋಯಿತು, ಮತ್ತೆ ಹೋಯಿತು, ಮತ್ತೆ ಹೋಯಿತು. ಕೊನೆಗೆ 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯನ್ನೇ ಕೊಟ್ಟುಬಿಟ್ಟರು. ಕಡ್ಡಾಯವಾಗಿ ಉಳಿದದ್ದು ಮುಖ್ಯವಾಗಿ ದೆಹಲಿ ಸುತ್ತಮುತ್ತ ಮತ್ತು ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳ ಹತ್ತು ಕಿಲೋಮೀಟರ್ ಒಳಗಿನ ಸ್ಥಾವರಗಳಿಗೆ. ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಯಂತ್ರದ ಖರ್ಚು ಬಿಲ್ಲಿನ ಮೇಲೆ ಬೀಳುತ್ತದೆ ಅನ್ನುವುದು ಸರ್ಕಾರದ ವಾದ. ಗಂಧಕ ಕಡಿಮೆ ಅನ್ನುವುದು ನಿಜ. ಹಾಗಾದರೆ ನಗರದ ಹತ್ತಿರ ಮಾತ್ರ ಯಾಕೆ ಬೇಕು ಅಂತ ನೀವು ಕೇಳಿದರೆ ಉತ್ತರ ಕೊಡುವುದು ಕಷ್ಟ.

ಪರಿಹಾರ ಏನು ಅಂದರೆ, ಮಾದರಿ ನಮ್ಮಲ್ಲೇ ಇದೆ. 2008ರ ಜಲವಿದ್ಯುತ್ ನೀತಿಯಲ್ಲಿ ಯೋಜನೆ ಇರುವ ರಾಜ್ಯಕ್ಕೆ ನೂರಕ್ಕೆ 12ರಷ್ಟು ಉಚಿತ ವಿದ್ಯುತ್, ಅದರ ಮೇಲೆ ಇನ್ನೊಂದು ಪಾಲು ಸ್ಥಳೀಯ ಅಭಿವೃದ್ಧಿ ನಿಧಿಗೆ ಅಂತ ಇದೆ. ಗಣಿ ಇರುವ ಕಡೆ 2015ರಿಂದ ಜಿಲ್ಲಾ ಖನಿಜ ನಿಧಿ ಇದೆ. ಕಲ್ಲಿದ್ದಲು ಅಗೆದ ಊರಿಗೆ ಹಕ್ಕಿನ ಪಾಲು ಉಂಟು, ಅದನ್ನು ಸುಟ್ಟ ಊರಿಗೆ ಮಾತ್ರ ಕಂಪನಿ ಮನಸ್ಸು ಮಾಡಿ ಕೊಡುವ ಶಾಲಾ ಕೊಠಡಿ, ಬಸ್ ಶೆಲ್ಟರ್! ಯೂನಿಟ್ಟಿಗೆ ಎರಡೋ ಮೂರೋ ಪೈಸೆ ಆ ಸುತ್ತಿನ ಪಂಚಾಯಿತಿಗಳಿಗೆ ನೇರ ಹೋಗಲಿ ಅಂತ ವಿಧಾನಸಭೆಯಲ್ಲಿ ಒಬ್ಬ ಶಾಸಕರಾದರೂ ಪಟ್ಟು ಹಿಡಿದು ಕೂರಬೇಕು. ಕೂಡಗಿಯಲ್ಲಿ 2014ರಲ್ಲಿ ಪ್ರತಿಭಟನೆ ಮಾಡಿದ ರೈತರ ಮೇಲೆ ಗುಂಡು ಹಾರಿತ್ತು. ಆ ಊರಿನವರಿಗೆ ಸ್ಥಾವರದ ಮೇಲೆ ಎಂಥ ಹಕ್ಕಿದೆ ಅನ್ನುವ ಪ್ರಶ್ನೆ ಅವತ್ತೂ ಇತ್ತು, ಇವತ್ತೂ ಇದೆ.

ಪ್ರಶ್ನೆ: ಕಲ್ಲಿದ್ದಲು ನಿಂತರೆ ರೈಲು ಟಿಕೆಟ್ ಏರುತ್ತಂತೆ. ಹೌದಾ, ಸುಮ್ನೆ ಹೆದರಿಸ್ತಾರಾ? (ನಿತ್ಯ ಪ್ರಯಾಣಿಕ, ಅರಸೀಕೆರೆ)

ಉತ್ತರ: ಪೂರ್ತಿ ಸುಮ್ನೆ ಅಲ್ಲ. ರೈಲ್ವೆ ಸಾಗಿಸುವ ಸರಕಿನ ತೂಕದಲ್ಲಿ ಅರ್ಧದಷ್ಟು ಕಲ್ಲಿದ್ದಲೇ. ಸರಕಿನಲ್ಲಿ ಬಂದ ಲಾಭದಿಂದ ನಿಮ್ಮ ಪ್ಯಾಸೆಂಜರ್ ಟಿಕೆಟ್ಟಿನ ನಷ್ಟ ತುಂಬುತ್ತಾರೆ. ಅಂದರೆ ಅರಸೀಕೆರೆಯಿಂದ ಬೆಂಗಳೂರಿಗೆ ನೀವು ಕಡಿಮೆ ದುಡ್ಡಲ್ಲಿ ಹೋಗುವುದಕ್ಕೆ ಎಲ್ಲೋ ಒಡಿಶಾದ ಕಲ್ಲಿದ್ದಲು ದುಡ್ಡು ಕೊಡುತ್ತಿದೆ. ನಾಳೆ ಬೆಳಿಗ್ಗೆ ಏರುವುದಿಲ್ಲ, ಹೆದರಬೇಡಿ. ಆದರೆ 20 ವರ್ಷದ ಯೋಜನೆ ಹಾಕುವವರು ಈ ತೂತನ್ನು ಯಾವುದರಿಂದ ಮುಚ್ಚುತ್ತಾರೆ ಅಂತ ಈಗಲೇ ಹೇಳಬೇಕು.

ಪ್ರಶ್ನೆ: ನಮ್ಮ ತಂದೆ ಗಣಿಯಲ್ಲಿದ್ದರು. ಮುಚ್ಚಿದ ಮೇಲೆ ಊರು ಏನಾಯಿತು ಅಂತ ನೋಡಿದ್ದೇವೆ. ಕಲ್ಲಿದ್ದಲು ಊರುಗಳಿಗೂ ಇದೇ ಗತಿನಾ? (ಶಿಕ್ಷಕಿ, ಕೆಜಿಎಫ್)

ಉತ್ತರ: ಈ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ದೆಹಲಿಯಲ್ಲಿ ಕೂತು ಕಲ್ಲಿದ್ದಲು ಮುಚ್ಚುವ ದಿನಾಂಕ ಬರೆಯುವವರನ್ನೆಲ್ಲ ಒಂದು ದಿನ ಬೆಳಗಿನ ಜಾವ ಮಾರಿಕುಪ್ಪಂ ಸ್ಟೇಷನ್ನಿಗೆ ಕರೆದುಕೊಂಡು ಹೋಗಬೇಕು. ಕತ್ತಲಲ್ಲೇ ಟಿಫನ್ ಡಬ್ಬಿ ಹಿಡಿದು ಬೆಂಗಳೂರಿನ ರೈಲು ಹತ್ತುವ ಜನ, ಮಾರಿಕುಪ್ಪಂ, ಚಾಂಪಿಯನ್, ಊರಗಾಂ ಅಂತ ಒಂದೊಂದು ಸ್ಟೇಷನ್ನಿನಲ್ಲೂ ತುಂಬಿಕೊಳ್ಳುತ್ತಾ ಹೋಗುವ ಬೋಗಿಗಳು, ಹಿಂದಕ್ಕೆ ಸರಿಯುವ, ಗಣಿ ತ್ಯಾಜ್ಯದ ಸೈನೈಡ್ ಗುಡ್ಡಗಳು. ಶಿವನಸಮುದ್ರದ ಕರೆಂಟು 1902ರಲ್ಲೇ ಬಂದ ಊರು ಅದು. ಬೆಂಗಳೂರಿಗೆ ಬಂದದ್ದು ಮೂರು ವರ್ಷ ಆಮೇಲೆ, 1905ರಲ್ಲಿ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿತು. ಗಣಿ ನಷ್ಟದಲ್ಲಿತ್ತು, ಮುಚ್ಚಬೇಕಾಗಿ ಬಂತು, ಅದನ್ನು ಒಪ್ಪೋಣ. ಆದರೆ ನಷ್ಟ ಅಂತ ಹತ್ತಾರು ವರ್ಷದಿಂದ ಗೊತ್ತಿದ್ದರೂ ಆಮೇಲೆ ಈ ಊರು ಏನು ಮಾಡಬೇಕು ಅನ್ನುವ ಯೋಜನೆ ಇರಲಿಲ್ಲ. ಬೆಂಗಳೂರು ಹತ್ತಿರ ಇದ್ದದ್ದರಿಂದ ಬದುಕಿದರು, ಅಷ್ಟೇ.

ಜಾರ್ಖಂಡಿನ ಕಲ್ಲಿದ್ದಲು ಊರು ಧನಬಾದಿಗೆ ಹತ್ತಿರದಲ್ಲಿ ಅಂಥ ಬೆಂಗಳೂರು ಇಲ್ಲ. ಸರ್ಕಾರಿ ಗಣಿ ಕಂಪನಿ ಕೋಲ್ ಇಂಡಿಯಾದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಾಯಂ ನೌಕರರಿದ್ದಾರೆ. ಅವರಿಗೆ ಪಿಂಚಣಿ, ಯೂನಿಯನ್, ಕ್ವಾರ್ಟರ್ಸ್ ಇದೆ, ಅವರ ಪರ ಮಾತಾಡಲು ಜನ ಇದ್ದಾರೆ. ಅವರ ಸುತ್ತ ಗುತ್ತಿಗೆ ಕೆಲಸದವರು, ಲಾರಿಯವರು, ಲೋಡರ್‌ಗಳು. ಅದಕ್ಕೂ ಕೆಳಗೆ ಸೈಕಲ್‌ನವರು. ಚಿತ್ರಗಳಲ್ಲಿ ನೋಡಿರಬಹುದು, ಹಳೆಯ ಸೈಕಲ್ಲಿಗೆ ಎರಡೂ ಕಡೆ, ಮಧ್ಯದಲ್ಲೂ ಕಲ್ಲಿದ್ದಲಿನ ಚೀಲ ಕಟ್ಟಿರುತ್ತಾರೆ, 200 ಕಿಲೋ ಅಂದರೂ ತೂಗುತ್ತದೆ, ಕೂತು ತುಳಿಯಲು ಆಗುವುದಿಲ್ಲ, ಬೆಳಗಾಗುವ ಮೊದಲೇ ಹೊರಟು ಏರಿನಲ್ಲೆಲ್ಲ ತಳ್ಳಿಕೊಂಡೇ ಹೋಗಿ ಪೇಟೆಯ ಹೋಟೆಲು, ಮನೆಗಳಿಗೆ ಮಾರಿ ಬರಬೇಕು. ಕಾನೂನಿನ ಕಣ್ಣಲ್ಲಿ ಅದು ಕಳ್ಳ ಮಾಲು. ಗಣಿ ನಿಂತ ದಿನ ಇವರ ಕೆಲಸವೂ ಹೋಗುತ್ತದೆ. ಇದ್ದ ಕೆಲಸ ಅಂತ ಯಾವ ಪುಸ್ತಕದಲ್ಲೂ ಬರೆದಿರದಿದ್ದರೆ ಪರಿಹಾರ ಯಾರಿಗೆ ಕೊಡುತ್ತಾರೆ? ಜಾರ್ಖಂಡ್ ಸರ್ಕಾರ 2022ರಲ್ಲಿ ಕಲ್ಲಿದ್ದಲು ಬಿಟ್ಟ ಮೇಲಿನ ಬದುಕಿನ ಬಗ್ಗೆ ಒಂದು ಕಾರ್ಯಪಡೆ ಮಾಡಿದೆ, ಒಳ್ಳೆಯದೇ. ಅದರ ಪಟ್ಟಿಯಲ್ಲಿ ಸೈಕಲ್‌ನವರು ಇರಬೇಕು ಅನ್ನುವುದು ನನ್ನ ಮಾತು.

ಹೊರಗಿನ ಎರಡು ಅನುಭವ ನೋಡಿ. ಕಲ್ಲಿದ್ದಲಿನಿಂದ ಹೊರಬರಲು ದಕ್ಷಿಣ ಆಫ್ರಿಕಾಕ್ಕೆ 2021ರಲ್ಲಿ ಶ್ರೀಮಂತ ದೇಶಗಳು 850 ಕೋಟಿ ಡಾಲರ್ ಕೊಡುತ್ತೇವೆ ಅಂದವು. 2022ರ ಅಕ್ಟೋಬರಿನಲ್ಲಿ ಕೊಮಾಟಿ ಅನ್ನುವ ಹಳೆಯ ಸ್ಥಾವರ ನಿಂತಿತು. ಕಾಯಂ ನೌಕರರನ್ನು ಬೇರೆ ಕಡೆಗೆ ಕಳಿಸಿದರು. ಗುತ್ತಿಗೆಯವರು, ಅಂಗಡಿಯವರು, ಮನೆ ಬಾಡಿಗೆಗೆ ಕೊಟ್ಟವರು ಅಲ್ಲೇ ಉಳಿದರು. ಹೊಸ ಕೆಲಸ ಬರುವುದಕ್ಕೆ ಮೊದಲೇ ಹಳೆಯದು ಹೋಗಿತ್ತು. ಹಣ ಕೊಡುತ್ತೇವೆ ಎಂದವರಲ್ಲಿ ಅಮೆರಿಕ 2025ರಲ್ಲಿ ಹಿಂದೆ ಸರಿಯಿತು. ಜರ್ಮನಿ ಇದಕ್ಕೆ ತದ್ವಿರುದ್ಧ. ರೂರ್ ಪ್ರದೇಶದ ಕೊನೆಯ ಕಲ್ಲಿದ್ದಲು ಗಣಿ ಮುಚ್ಚಿದ್ದು 2018ರ ಡಿಸೆಂಬರಿನಲ್ಲಿ. ಆದರೆ ಇಳಿತ ಶುರುವಾಗಿದ್ದು 1950ರ ದಶಕದ ಕೊನೆಯಲ್ಲಿ. ಆರು ದಶಕ! ಈಗ ಕಲ್ಲಿದ್ದಲು ಸ್ಥಾವರಗಳನ್ನು 2038ರೊಳಗೆ ಮುಚ್ಚಲು ಆ ಪ್ರದೇಶಗಳಿಗೆ 4,000 ಕೋಟಿ ಯೂರೋ ಎತ್ತಿಟ್ಟಿದ್ದಾರೆ, 58 ದಾಟಿದ ಕೆಲಸಗಾರರಿಗೆ ನಿವೃತ್ತಿವರೆಗೆ ಸೇತುವೆಯಾಗಿ ಭತ್ಯೆ ಕೊಡುತ್ತಾರೆ. ನಮ್ಮಲ್ಲಿ ಅಷ್ಟು ದುಡ್ಡಿಲ್ಲ. ಆದರೆ ಸಮಯ ಇದೆ. ಅದನ್ನು ಸುಮ್ಮನೆ ಕಳೆದರೆ ಕೆಜಿಎಫ್ ಮತ್ತೆ ಮತ್ತೆ ಆಗುತ್ತದೆ.

ಪ್ರಶ್ನೆ: ನಾನಿರುವ ದೇಶ ಎಣ್ಣೆ ಮಾರಿಯೇ ಶ್ರೀಮಂತವಾಯಿತು, ಆದರೂ ಇಲ್ಲಿ ಎಲ್ಲರೂ ಎಲೆಕ್ಟ್ರಿಕ್ ಕಾರಿನಲ್ಲಿ ಓಡಾಡುತ್ತಾರೆ. ಭಾರತ ಹೀಗೆ ಮಾಡಬಾರದೇಕೆ? (ಎಂಜಿನಿಯರ್, ಸ್ಟಾವಂಗರ್, ನಾರ್ವೆ)

ಉತ್ತರ: ಹೊಟ್ಟೆಕಿಚ್ಚಾಗುತ್ತದೆ ನಿಮ್ಮನ್ನು ನೋಡಿದರೆ. ನಾರ್ವೆ ಮಾಡಿದ್ದರಲ್ಲಿ ಕಲಿಯಬೇಕಾದ್ದೂ ಇದೆ, ನಗಬೇಕಾದ್ದೂ ಇದೆ. ಎಣ್ಣೆ ಕಂಪನಿಗಳ ಲಾಭಕ್ಕೆ ನೂರಕ್ಕೆ 78 ತೆರಿಗೆ. ಆ ಹಣಕ್ಕೆ 1990ರಲ್ಲಿ ಕಾನೂನು ಮಾಡಿ ಒಂದು ನಿಧಿ, 1996ರಲ್ಲಿ ಮೊದಲ ಕಂತು. ವರ್ಷಕ್ಕೆ ನಿಧಿಯ ಸುಮಾರು ನೂರಕ್ಕೆ 3ರಷ್ಟು ಮಾತ್ರ ಖರ್ಚು ಮಾಡಬೇಕು ಅನ್ನುವ ಶಿಸ್ತು. ಇವತ್ತು ಜಗತ್ತಿನ ಷೇರುಪೇಟೆಗಳ ಒಟ್ಟು ಮೌಲ್ಯದಲ್ಲಿ ನೂರಕ್ಕೆ ಒಂದೂವರೆ ಪಾಲು ಆ ನಿಧಿಯದ್ದು. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತರ ಹತ್ತಿರ ಎಲೆಕ್ಟ್ರಿಕ್. ಆದರೆ ಅವರು ಮಾರಿದ ಎಣ್ಣೆ, ಗ್ಯಾಸ್ ಉರಿಯುವುದು ಬೇರೆ ದೇಶದಲ್ಲಿ, ಹೊಗೆ ಲೆಕ್ಕ ಬರೆಯುವುದೂ ಆ ದೇಶದ ಪುಸ್ತಕದಲ್ಲಿ. ಮಾರಿದವರ ಕೈ ಚೊಕ್ಕ.

ಅರ್ಧ ಕೋಟಿಗೆ ಸ್ವಲ್ಪ ಜಾಸ್ತಿ ಜನ, ಅಷ್ಟೊಂದು ಎಣ್ಣೆ, ಮೇಲಿಂದ ಕರೆಂಟಿನಲ್ಲಿ ಬಹುಪಾಲು ನೀರಿನಿಂದಲೇ. ಇದನ್ನು 140 ಕೋಟಿ ಜನರ ದೇಶಕ್ಕೆ ಹಾಗೇ ಎತ್ತಿ ಹಾಕಲಾಗದು. ಕಲಿಯಬೇಕಾದ್ದು ನಿಧಿಯ ಶಿಸ್ತು. ನಾವೂ ಒಮ್ಮೆ ಕೈ ಹಾಕಿದ್ದೆವು, ಅದು ಬಹಳ ಜನರಿಗೆ ಗೊತ್ತಿಲ್ಲ. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿದರು, ಸ್ವಚ್ಛ ಇಂಧನಕ್ಕೆ ಅಂತಲೇ ನಿಧಿ ಮಾಡಿದರು. 2016ರ ಹೊತ್ತಿಗೆ ಅದು 400 ರೂಪಾಯಿ. ಬಂದ ಹಣದಲ್ಲಿ ನಿಧಿಗೆ ಸೇರಿದ್ದು ಮೂರನೇ ಒಂದು ಪಾಲಿನಷ್ಟು, ಯೋಜನೆಗಳಿಗೆ ಹೋದದ್ದು ಅದರಲ್ಲೂ ಅರ್ಧದ ಆಸುಪಾಸು. ಉಳಿದದ್ದು ಬೊಕ್ಕಸದಲ್ಲಿ ಕರಗಿತು. 2017ರಲ್ಲಿ ಜಿಎಸ್‌ಟಿ ಬಂತು, ಸೆಸ್ ರಾಜ್ಯಗಳ ನಷ್ಟ ತುಂಬಲು ಹೋಯಿತು. 2025ರ ಸೆಪ್ಟೆಂಬರಿನಲ್ಲಿ ಆ ಸೆಸ್ಸೂ ಹೋಗಿ, ಕಲ್ಲಿದ್ದಲಿನ ಜಿಎಸ್‌ಟಿ 5ರಿಂದ 18ಕ್ಕೆ ಏರಿತು. ಕಲ್ಲಿದ್ದಲು ಇವತ್ತೂ ತೆರಿಗೆ ಕಟ್ಟುತ್ತಿದೆ. ಆದರೆ ಇಷ್ಟು ಹಣ ಧನಬಾದಿನ ನಾಳೆಗೆ, ರಾಯಚೂರಿನ ನಾಳೆಗೆ ಅಂತ ಎತ್ತಿಟ್ಟ ಡಬ್ಬಿ ಇಲ್ಲ. ಇಡೀ ಚರ್ಚೆಯಲ್ಲಿ ನನಗೆ ಅತಿ ದೊಡ್ಡ ತಪ್ಪು ಅಂತ ಕಾಣುವುದು ಇದು. ಕಲ್ಲಿದ್ದಲು ಇನ್ನೂ 20 ವರ್ಷ ಉರಿಯಲಿ ಅನ್ನುವವರ ಜೊತೆ ನಾನು ಜಗಳ ಆಡಲಾರೆ, ಆ 20 ವರ್ಷದ ದುಡಿಮೆಯಲ್ಲಿ ಉಳಿತಾಯ ಎಷ್ಟು ಅಂತ ತೋರಿಸಿದರೆ.

ಪ್ರಶ್ನೆ: ಗೃಹಜ್ಯೋತಿ ಕೊಟ್ಟು ಕರೆಂಟ್ ಬೇಕಾಬಿಟ್ಟಿ ಬಳಸಿ ಅಂತ ಸರ್ಕಾರವೇ ಹೇಳ್ತಿದೆ. ಒಂದು ಕಡೆ ಹವಾಮಾನ ಭಾಷಣ, ಇನ್ನೊಂದು ಕಡೆ ಬಿಟ್ಟಿ ಭಾಗ್ಯ. ನಾವು ತೆರಿಗೆದಾರರು ಏನ್ ಮಾಡ್ಬೇಕು? (ಅಪಾರ್ಟ್‌ಮೆಂಟ್ ನಿವಾಸಿ, ವೈಟ್‌ಫೀಲ್ಡ್)

ಉತ್ತರ: ಮೊದಲು ಎಸಿಯನ್ನು 20ರಿಂದ 25ಕ್ಕೆ ಏರಿಸಿ! ತಮಾಷೆಗೆ ಹೇಳಿದೆ, ಬೇಜಾರಾಗಬೇಡಿ. ಗೃಹಜ್ಯೋತಿ ಬೇಕಾಬಿಟ್ಟಿ ಬಳಸಿ ಅನ್ನುವುದಿಲ್ಲ. ಹಿಂದಿನ ವರ್ಷದ ಸರಾಸರಿ, ಅದರ ಮೇಲೆ ನೂರಕ್ಕೆ 10, ಒಟ್ಟು 200 ಯೂನಿಟ್ ದಾಟಬಾರದು. ದಾಟಿದರೆ ಪೂರ್ತಿ ಬಿಲ್ಲು. ಹಾಗಾಗಿ ಮಿತಿ ಮೀರದ ಹಾಗೆ ನೋಡಿಕೊಳ್ಳುವ ಮನೆಗಳೇ ಜಾಸ್ತಿ. ನನ್ನ ಅಸಮಾಧಾನ ಬೇರೆ. ಈ ಲೆಕ್ಕದಲ್ಲಿ 180 ಯೂನಿಟ್ ಬಳಸುತ್ತಿದ್ದವರಿಗೆ 198 ಉಚಿತ, 60 ಬಳಸುತ್ತಿದ್ದ ಬಡವರಿಗೆ 66 ಉಚಿತ. ಹಿಂದೆ ಹೆಚ್ಚು ಬಳಸಿದವನಿಗೇ ಹೆಚ್ಚು ದಾನ! 48 ಯೂನಿಟ್ಟಿಗಿಂತ ಕಡಿಮೆ ಬಳಸುವವರಿಗೆ ಆಮೇಲೆ ಶೇಕಡಾ ಲೆಕ್ಕ ಬಿಟ್ಟು 10 ಯೂನಿಟ್ ಸೇರಿಸಿದರು, ಸ್ವಲ್ಪ ಸರಿ ಹೋಯಿತು. ಎಲ್ಲರಿಗೂ ಮೊದಲ 75 ಯೂನಿಟ್ ಉಚಿತ ಅಂತ ಮಾಡಿದ್ದರೆ ಸರಳವೂ ಆಗುತ್ತಿತ್ತು, ನ್ಯಾಯವೂ ಆಗುತ್ತಿತ್ತು ಅಂತ ನನ್ನ ಅಭಿಪ್ರಾಯ. ಇನ್ನೊಂದು ತೊಂದರೆ, ಬಿಲ್ಲೇ ಇಲ್ಲದ ಮನೆ ತಾರಸಿ ಮೇಲೆ ಸೋಲಾರ್ ಯಾಕೆ ಹಾಕುತ್ತದೆ? ಕೇಂದ್ರ 78,000 ರೂಪಾಯಿವರೆಗೆ ಸಹಾಯಧನ ಕೊಟ್ಟರೂ ಹಾಕುವುದಿಲ್ಲ.

ಆದರೆ ಒಂದೇ ಏಟಿಗೆ ಕಿತ್ತುಹಾಕಿ ಅನ್ನುವವರು ಫ್ರಾನ್ಸ್ ನೆನಪಿಸಿಕೊಳ್ಳಬೇಕು. ಹವಾಮಾನದ ಹೆಸರಲ್ಲಿ ಡೀಸೆಲ್ ತೆರಿಗೆ ಏರಿಸಲು ಹೋಗಿ 2018ರ ನವೆಂಬರಿನಲ್ಲಿ ಹಳದಿ ಕೋಟಿನ ಜನ ಬೀದಿಗಿಳಿದರು. ಬಸ್ಸಿಲ್ಲದ ಹಳ್ಳಿಯವರು, ಕಾರಿಲ್ಲದೆ ಕೆಲಸಕ್ಕೆ ಹೋಗಲಾಗದವರು. ಸರ್ಕಾರ ತೆರಿಗೆ ಕೈಬಿಟ್ಟಿತು. ನಮ್ಮಲ್ಲಿ 2024ರ ಜೂನ್‌ನಲ್ಲಿ ಪೆಟ್ರೋಲ್, ಡೀಸೆಲ್ ಮಾರಾಟ ತೆರಿಗೆ ಏರಿತು, 2025ರ ಜನವರಿಯಲ್ಲಿ ಬಸ್ ದರ ನೂರಕ್ಕೆ 15 ಏರಿತು. ಜನ ಗೊಣಗಿದರು, ಬೀದಿಗೆ ಬರಲಿಲ್ಲ. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಉಚಿತ ಇದ್ದದ್ದೂ ಒಂದು ಕಾರಣ ಇರಬಹುದು. ಶಕ್ತಿಯನ್ನು ಹವಾಮಾನ ಯೋಜನೆ ಅಂತ ಯಾರೂ ಕರೆಯುವುದಿಲ್ಲ. ನನಗೆ ಕೇಳಿದರೆ ರಾಜ್ಯದ ಒಳ್ಳೆಯ ಹವಾಮಾನ ಯೋಜನೆಗಳಲ್ಲಿ ಅದೂ ಒಂದು, ಬಸ್ಸುಗಳ ಸಂಖ್ಯೆ ಸಾಕಷ್ಟು ಇದ್ದಿದ್ದರೆ.

ಪ್ರಶ್ನೆ: ಸೋಲಾರ್ ಪಾರ್ಕ್ ಬಂದು ಜಮೀನಿದ್ದವರಿಗೆ ವರ್ಷಾ ವರ್ಷಾ ಬಾಡಿಗೆ. ಕೂಲಿಯವರಾದ ನಮಗೆ ಕಳೆ ಕೀಳೋ ಕೆಲಸವೂ ಹೋಯ್ತು, ಕುರಿ ಮೇಯಿಸೋ ಜಾಗವೂ ಹೋಯ್ತು. (ಪಾವಗಡ ತಾಲೂಕು)

ಉತ್ತರ: ಪಾವಗಡದ 2,050 ಮೆಗಾವಾಟ್ ಪಾರ್ಕನ್ನು ದೇಶವೆಲ್ಲ ಹೊಗಳುತ್ತದೆ, ಅದಕ್ಕೆ ಕಾರಣವೂ ಇದೆ. ಐದು ಹಳ್ಳಿಗಳ ಸುಮಾರು 13,000 ಎಕರೆಯನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5 ಏರಿಕೆ, 28 ವರ್ಷದ ಕರಾರು. ಮಳೆ ನಂಬಿ ಶೇಂಗಾ ಬಿತ್ತಿ ಸೋತವರಿಗೆ ಅದು ದೊಡ್ಡ ಆಸರೆ. ಪಹಣಿಯಲ್ಲಿ ಹೆಸರಿದ್ದವರಿಗೆ, ಅಷ್ಟೇ. ಶೇಂಗಾ ಕೀಳುವವರು, ಕುರಿಯವರು, ಭೂಮಿ ಇಲ್ಲದವರು ಕರಾರಿನಲ್ಲಿ ಎಲ್ಲೂ ಇಲ್ಲ. ಫಲಕ ತೊಳೆಯುವುದು, ಹುಲ್ಲು ಕತ್ತರಿಸುವುದು, ಕಾವಲು, ಇವು ಕೆಲವೇ ಜನರಿಗೆ ಸಿಗುತ್ತವೆ. ಕಲ್ಲಿದ್ದಲು ಬಿಟ್ಟು ಸೂರ್ಯನಿಗೆ ಹೋದ ಕೂಡಲೇ ನ್ಯಾಯ ತಾನಾಗಿ ಬಂದುಬಿಡುತ್ತದೆ ಅಂತ ನಂಬಿದವರು ನಿಮ್ಮ ಪತ್ರ ಓದಬೇಕು. ಮುಂದಿನ ಪಾರ್ಕಿನ ಕರಾರಿಗೆ ಸಹಿ ಬೀಳುವ ಮೊದಲೇ ಮೆಗಾವಾಟ್ ಒಂದಕ್ಕೆ ಇಷ್ಟು ಅಂತ ಭೂಮಿ ಇಲ್ಲದ ಮನೆಗಳಿಗೆ ಪಾಲು ಬರೆಯಬೇಕು, ಫಲಕಗಳ ನಡುವೆ ಕುರಿ ಬಿಡಲು ಅವಕಾಶ ಇರಬೇಕು. ಹುಲ್ಲು ಕತ್ತರಿಸುವ ಖರ್ಚೂ ಉಳಿಯುತ್ತದಲ್ವಾ?

ಪ್ರಶ್ನೆ: ಉಜ್ವಲಾದಲ್ಲಿ ಸಿಲಿಂಡರ್ ಬಂತು. ತುಂಬಿಸೋಕೆ ದುಡ್ಡಿಲ್ಲ ಅಂದಾಗ ಮತ್ತೆ ಸೌದೆ. ಗ್ಯಾಸೂ ಭೂಮಿಗೆ ಕೆಟ್ಟದ್ದು ಅಂತ ಮಗಳು ಹೇಳ್ತಾಳೆ. (ಗೃಹಿಣಿ, ಕೊಪ್ಪಳ)

ಉತ್ತರ: ಮಗಳು ಹೇಳಿದ್ದು ಸರಿ, ಆದರೂ ನೀವು ಗ್ಯಾಸ್ ಉರಿಸಿ. ಒಲೆ ಹೊಗೆ ನಿಮ್ಮ ಎದೆಗೆ ಮಾಡುವ ಕೇಡಿನ ಮುಂದೆ ನಿಮ್ಮ ಸಿಲಿಂಡರಿನ ಇಂಗಾಲ ಲೆಕ್ಕಕ್ಕೇ ಬರಬಾರದು. ಉಜ್ವಲಾ ಮನೆಗಳು ವರ್ಷಕ್ಕೆ ಸರಾಸರಿ ನಾಲ್ಕೈದು ಸಿಲಿಂಡರ್ ಮಾತ್ರ ತುಂಬಿಸುತ್ತವೆ. ಇನ್ನೂ ಅಗ್ಗವಾಗಬೇಕು. ಭೂಮಿ ಉಳಿಸುವ ಕೆಲಸ ನಿಮ್ಮ ಒಲೆಯಿಂದ ಶುರುವಾಗಬೇಕಿಲ್ಲ.

ಪ್ರಶ್ನೆ: ಶರಾವತಿ ಪಂಪ್ಡ್ ಸ್ಟೋರೇಜ್ ವಿರೋಧಿಸಿದರೆ ಕಲ್ಲಿದ್ದಲಿನ ಏಜೆಂಟರು ಅಂತಾರೆ. ಏನು ಹೇಳೋಣ? (ಸಾಗರ)

ಉತ್ತರ: ನಗಬೇಕು. ಹಗಲಿನ ಸೋಲಾರ್ ಕರೆಂಟಿನಲ್ಲಿ ನೀರನ್ನು ಮೇಲಕ್ಕೆತ್ತಿ, ಸಂಜೆ ಕೆಳಗೆ ಬಿಟ್ಟು 2,000 ಮೆಗಾವಾಟ್ ಪಡೆಯುವ ಯೋಜನೆ ಅದು. ಸಂಜೆಯ ಕೊರತೆ ನಿಜ, ಸಂಗ್ರಹ ಬೇಕೇ ಬೇಕು. 2023ರ ಬರದಲ್ಲಿ ಅಣೆಕಟ್ಟೆಗಳಲ್ಲಿ ನೀರಿಲ್ಲದೆ ರಾಜ್ಯ ಎಷ್ಟು ಒದ್ದಾಡಿತು ಅಂತ ನೋಡಿದ್ದೇವೆ. ಆದರೆ ಸಂಗ್ರಹಕ್ಕೆ ಸಿಂಗಳೀಕಗಳ ಅಭಯಾರಣ್ಯವನ್ನೇ ಕೊರೆಯಬೇಕಾ? ಬ್ಯಾಟರಿ ಬೆಲೆ ಇಳಿಯುತ್ತಿದೆ, ನದಿ ಕಣಿವೆ ಮುಟ್ಟದೆ ಬಯಲಿನಲ್ಲೇ ಕಟ್ಟುವ ಪಂಪ್ಡ್ ಸ್ಟೋರೇಜ್ ಕೂಡ ಇದೆ. 1964ರಲ್ಲಿ ಲಿಂಗನಮಕ್ಕಿಗೆ ಮನೆ ಮಠ ಕೊಟ್ಟು ರಾಜ್ಯಕ್ಕೆ ಬೆಳಕು ಕೊಟ್ಟವರ ಮಕ್ಕಳು, ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಇನ್ನೂ ಅಲೆಯುತ್ತಿದ್ದಾರೆ. ಹಳೆಯ ಬಾಕಿ ತೀರಿಸದೆ ಅದೇ ಕಣಿವೆಗೆ ಮತ್ತೊಮ್ಮೆ ಕೈಚಾಚುವುದು ಸರಿಯಲ್ಲ ಅಂತ ಹೇಳಲು ಯಾರ ಏಜೆಂಟರೂ ಆಗಬೇಕಿಲ್ಲ.

ಪ್ರಶ್ನೆ: ಇದೆಲ್ಲ ಓದಿ ಏನು ಮಾಡೋದು? ನಮ್ಮ ಮಾತು ಯಾರು ಕೇಳ್ತಾರೆ? (ಗ್ರಾಮ ಪಂಚಾಯಿತಿ ಸದಸ್ಯೆ, ಬಾಗಲಕೋಟೆ ಜಿಲ್ಲೆ)

ಉತ್ತರ: ಕೇಳಲೇಬೇಕು ಅಂತ ಕಾನೂನಿರುವ ಜಾಗ ಎರಡು ಹೇಳುತ್ತೇನೆ. ವಿದ್ಯುತ್ ದರ ಬದಲಿಸಲು ಕರೆಂಟು ಹಂಚುವ ಎಸ್ಕಾಂ ಕಂಪನಿಗಳು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಅರ್ಜಿ ಹಾಕಿದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಯಾರು ಬೇಕಾದರೂ ಆಕ್ಷೇಪಣೆ ಬರೆಯಬಹುದು, ವಿಚಾರಣೆಯಲ್ಲಿ ಎದ್ದು ನಿಂತು ಮಾತಾಡಬಹುದು. ಅಲ್ಲಿ ಸಾಮಾನ್ಯವಾಗಿ ಕೈಗಾರಿಕೆಯವರೇ ವಕೀಲರ ಜೊತೆ ತುಂಬಿರುತ್ತಾರೆ, ಹಳ್ಳಿಯವರು ಕಡಿಮೆ.

ಇನ್ನೊಂದು, ದೊಡ್ಡ ಸ್ಥಾವರ, ಗಣಿ, ಸಿಮೆಂಟ್ ಕಾರ್ಖಾನೆ ಬರುವ ಮೊದಲು 2006ರ ಅಧಿಸೂಚನೆ ಪ್ರಕಾರ ನಡೆಯುವ ಪರಿಸರ ಸಾರ್ವಜನಿಕ ಸಭೆ. ಕನಿಷ್ಠ 30 ದಿನ ಮುಂಚೆ ನೋಟಿಸ್ ಕೊಡಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಇರಬೇಕು, ಸಿಗಲಿಲ್ಲ ಅಂದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ, ಇಲ್ಲ ಅಂದರೆ ಇಲ್ಲ ಅಂತ ಬರೆಸಿಕೊಳ್ಳಿ. ಸಭೆಯಲ್ಲಿ ಊಟದ ಪೊಟ್ಟಣ ಹಂಚುವ ಹೊತ್ತಿಗೆ ಅರ್ಧ ಜನ ಎದ್ದುಹೋಗುತ್ತಾರೆ. ನೀವು ಹೋಗಬೇಡಿ. ಅಲ್ಲಿ ಯಾರು ಏನು ಹೇಳಿದರು ಅನ್ನುವ ನಡಾವಳಿಯನ್ನು ಸಭೆಯ ಕೊನೆಯಲ್ಲಿ ಎಲ್ಲರ ಮುಂದೆ ಕನ್ನಡದಲ್ಲಿ ಓದಿ ಹೇಳಬೇಕು ಅಂತ ನಿಯಮ ಇದೆ. ನಿಮ್ಮ ಮಾತು ಅದರಲ್ಲಿ ಬರದಿದ್ದರೆ ಅಲ್ಲೇ ಕೈ ಎತ್ತಿ ಸೇರಿಸಿ, ಆಮೇಲೆ ಸಹಿ ಆಗಲಿ.